ತಾಯಿಯ ರಕ್ತದಲ್ಲಿ ಕಾಣುವುದು, ಕಾಣದಿರುವುದು

ಬಾಣಸವಾಡಿಯಂತಹ ಬಡಾವಣೆಗಳ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಗರ್ಭಿಣಿಯರ ತಾಯಿ ಕಾರ್ಡಿನಲ್ಲಿ ತಪ್ಪದೆ ದಾಖಲಾಗುವ ಅಂಕಿ ಹಿಮೋಗ್ಲೋಬಿನ್‌ನದು. ಅದು ಡೆಸಿಲೀಟರಿಗೆ 11 ಗ್ರಾಂಗಿಂತ ಕೆಳಗಿಳಿದರೆ ರಕ್ತಹೀನತೆ ಎಂದು ಪರಿಗಣಿಸಿ ಕಬ್ಬಿಣಾಂಶದ ಮಾತ್ರೆಯನ್ನು ಹೆಚ್ಚಿಸಲಾಗುತ್ತದೆ. ಆದರೆ ಈ ಇಳಿಕೆಯೆಲ್ಲವೂ ಕೊರತೆಯಲ್ಲ. ಬಸಿರಿನಲ್ಲಿ ರಕ್ತದ ದ್ರವಭಾಗವಾದ ಪ್ಲಾಸ್ಮಾ ಸುಮಾರು ಶೇ. 40ರಿಂದ 50ರಷ್ಟು ಹಿಗ್ಗುತ್ತದೆ, ಕೆಂಪು ರಕ್ತಕಣಗಳು ಅಷ್ಟು ಹೆಚ್ಚುವುದಿಲ್ಲವಾದ್ದರಿಂದ ರಕ್ತ ಸಹಜವಾಗಿಯೇ ತೆಳುವಾಗುತ್ತದೆ. ಹೀಗೆ ತೆಳುವಾಗದೆ ಹಿಮೋಗ್ಲೋಬಿನ್ 13ರ ಮೇಲೆಯೇ ಉಳಿದವರಲ್ಲಿಯೂ ರಕ್ತದೊತ್ತಡ ಮತ್ತು ಶಿಶುವಿನ ಕಡಿಮೆ ತೂಕದ ಸಮಸ್ಯೆಗಳು ಹೆಚ್ಚಾಗಿ ಕಂಡುಬಂದಿವೆ. ದೇಹದಲ್ಲಿ ಕೂಡಿಟ್ಟ ಕಬ್ಬಿಣಾಂಶವನ್ನು ಸೂಚಿಸುವ ಫೆರಿಟಿನ್ ಎಂಬ ಪ್ರೋಟೀನೂ ಪೂರ್ಣ ನಂಬಿಕೆಗೆ ಅರ್ಹವಲ್ಲ, ಏಕೆಂದರೆ ಸೋಂಕು ಅಥವಾ ಉರಿಯೂತವಿದ್ದಾಗ ಕೊರತೆಯ ನಡುವೆಯೂ ಅದು ಏರುತ್ತದೆ.

ತಾಯಿ ಕಾರ್ಡಿನಲ್ಲಿ ಸಾಮಾನ್ಯವಾಗಿ ಜಾಗವೇ ಇಲ್ಲದ ಬಿ12 ಜೀವಸತ್ವದ ವಿಷಯ ಇನ್ನೂ ಗಂಭೀರವಾದುದು. ಹಾಲು, ಮೊಸರು, ಮೊಟ್ಟೆ, ಮಾಂಸಗಳಿಂದ ಮಾತ್ರ ಸಾಕಷ್ಟು ದೊರೆಯುವ ಈ ಜೀವಸತ್ವ, ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997–98ರಲ್ಲಿ ಅಧ್ಯಯನಕ್ಕೆ ಸೇರಿದ ಗರ್ಭಿಣಿಯರಲ್ಲಿ ಶೇ. 43ರಷ್ಟು ಮಂದಿಗೆ ಕಡಿಮೆಯಿತ್ತು. ಅಂಥವರಲ್ಲಿ ಬೊಜ್ಜು, ಇನ್ಸುಲಿನ್ ಪ್ರತಿರೋಧ ಮತ್ತು ಗರ್ಭಾವಸ್ಥೆಯ ಮಧುಮೇಹ ಹೆಚ್ಚಾಗಿದ್ದವು. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧಕರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಿ12 ಕಡಿಮೆಯಿದ್ದ ತಾಯಂದಿರ ಶಿಶುಗಳ ಬೆಳವಣಿಗೆ ಗರ್ಭದಲ್ಲಿಯೇ ಕುಂಠಿತವಾಗುವ ಸಂಭವ ಹೆಚ್ಚೆಂದು ತಿಳಿದುಬಂದಿತು. ಬಿ12 ಇಲ್ಲದೆ ಫೋಲೇಟ್ ಜೀವಕೋಶದೊಳಗೆ ನಿರುಪಯುಕ್ತ ರೂಪದಲ್ಲಿ ಸಿಲುಕಿಕೊಳ್ಳುವುದರಿಂದ, ಫೋಲಿಕ್ ಆಮ್ಲದ ಮಾತ್ರೆಯೊಂದನ್ನೇ ಧಾರಾಳವಾಗಿ ಕೊಟ್ಟು ಬಿ12 ಅನ್ನು ಮರೆಯುವುದು ಅರ್ಧ ಚಿಕಿತ್ಸೆಯಷ್ಟೇ. ಆದರೂ ಎರಡು ಸಂಗತಿಗಳು ಜೊತೆಯಲ್ಲಿ ಕಂಡ ಮಾತ್ರಕ್ಕೆ ಒಂದು ಇನ್ನೊಂದರ ಕಾರಣವೆಂದು ಸಿದ್ಧವಾಗುವುದಿಲ್ಲ. ಅದಕ್ಕೆ ಪ್ರಯೋಗವೇ ಆಗಬೇಕು.

ಅಂತಹ ಪ್ರಯೋಗ ನಡೆದಿರುವುದು ಕ್ಯಾಲ್ಸಿಯಂ ವಿಷಯದಲ್ಲಿ. ಆಹಾರದಲ್ಲಿ ಕ್ಯಾಲ್ಸಿಯಂ ತಗ್ಗಿದರೆ ಪ್ಯಾರಾಥೈರಾಯ್ಡ್ ಗ್ರಂಥಿಯ ಹಾರ್ಮೋನು ಮೂಳೆಯಿಂದ ಅದನ್ನು ಸೆಳೆದು ರಕ್ತದ ಮಟ್ಟವನ್ನು ಕಾಪಾಡುತ್ತದೆಯಾದ್ದರಿಂದ ರಕ್ತಪರೀಕ್ಷೆಯಲ್ಲಿ ಕೊರತೆ ಸುಲಭವಾಗಿ ಕಾಣುವುದಿಲ್ಲ. ಇಪ್ಪತ್ತನೆಯ ವಾರದ ಅನಂತರ ರಕ್ತದೊತ್ತಡ ಏರಿ, ಸಾಮಾನ್ಯವಾಗಿ ಮೂತ್ರದಲ್ಲಿ ಪ್ರೋಟೀನ್ ಸೋರುವ ಪ್ರೀ-ಎಕ್ಲಾಂಪ್ಸಿಯಾವನ್ನು ತಡೆಯಲು, ಕ್ಯಾಲ್ಸಿಯಂ ಸೇವನೆ ಕಡಿಮೆಯಿರುವ ಕಡೆ ದಿನಕ್ಕೆ 1.5ರಿಂದ 2 ಗ್ರಾಂ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೆಂಗಳೂರಿನಲ್ಲಿ ಮತ್ತು ತಾಂಜಾನಿಯಾದಲ್ಲಿ ತಲಾ 11,000 ಚೊಚ್ಚಲ ಗರ್ಭಿಣಿಯರಿಗೆ 500 ಅಥವಾ 1,500 ಮಿಲಿಗ್ರಾಂ ಕೊಟ್ಟು ನಡೆಸಿದ ಪ್ರಯೋಗದ ಫಲಿತಾಂಶ 2024ರಲ್ಲಿ ಪ್ರಕಟವಾಯಿತು: ಬೆಂಗಳೂರಿನಲ್ಲಿ ಪ್ರೀ-ಎಕ್ಲಾಂಪ್ಸಿಯಾ ಕಂಡದ್ದು ಕಡಿಮೆ ಪ್ರಮಾಣ ಪಡೆದವರಲ್ಲಿ ಶೇ. 3.0, ಹೆಚ್ಚು ಪಡೆದವರಲ್ಲಿ ಶೇ. 3.6. ಸಣ್ಣ ಪ್ರಮಾಣ ದೊಡ್ಡದಕ್ಕಿಂತ ಕಡಿಮೆ ಪರಿಣಾಮಕಾರಿಯಲ್ಲವೆಂಬುದು ಎರಡೂ ಕಡೆ ಸ್ಥಿರಪಟ್ಟಿತು; ಅವಧಿಪೂರ್ವ ಹೆರಿಗೆಯ ಮಟ್ಟಿಗೆ ತಾಂಜಾನಿಯಾದಲ್ಲಿ ಈ ಮಾತನ್ನು ಹೇಳುವಂತಿರಲಿಲ್ಲ. ಮೂರು ಮಾತ್ರೆಯ ಬದಲು ಒಂದೇ ಸಾಕೆನ್ನುವುದು ಸಣ್ಣ ಸೌಕರ್ಯವಲ್ಲ, ಏಕೆಂದರೆ ಕ್ಯಾಲ್ಸಿಯಂ ಕಬ್ಬಿಣಾಂಶದ ಹೀರುವಿಕೆಗೆ ಅಡ್ಡಿಯಾಗುವುದರಿಂದ ಎರಡನ್ನೂ ಕೆಲವು ಗಂಟೆಗಳ ಅಂತರದಲ್ಲಿ ನುಂಗಬೇಕು. ಮಾತ್ರೆಗಳು ಹೆಚ್ಚಿದಷ್ಟೂ ಆ ಲೆಕ್ಕ ತಪ್ಪುತ್ತದೆ.