ಹದಿನಾರಾಣೆಯ ಕೋವಿ

ಉಸ್ತಾದರು ಕಣ್ಣು ಮುಚ್ಚಿಕೊಂಡರು. ರಿವಾಲ್ವರನ್ನು ಬಲಗಿವಿಯ ಹತ್ತಿರ ತಂದು, ಹೆಬ್ಬೆರಳಿನಿಂದ ಅದರ ಘೋಡಾವನ್ನು ಮೆಲ್ಲಗೆ ಹಿಂದಕ್ಕೆ ಎಳೆದರು. ತೋಟಾ ಕೂರುವ ಚರಖಿ ಒಂದು ಮನೆ ಮುಂದೆ ಸರಿದು ಟಕ್ ಅಂದಿತು. ಘೋಡಾ ಇಳಿಸಿದರು. ಮತ್ತೆ ಎಳೆದರು. ಟಕ್. ಹೀಗೆ ಆರು ಸಲ. ಐದನೆಯದರಲ್ಲಿ ಹುಬ್ಬು ಗಂಟಿಕ್ಕಿತು. ಮೊದಲಿನಿಂದ ಇನ್ನೊಂದು ಸುತ್ತು ಕೇಳಿಸಿಕೊಂಡು ಕಣ್ಣು ತೆರೆದರು.

"ಐದನೇ ಮನಿ ಸ್ವಲ್ಪ ತಡ ಮಾಡ್ಲತ್ತದ್ರಿ ಅಮ್ಮಾ. ಉಳಿದದ್ದು ಚಲೋ ಅದ."

ಪಕ್ಕದಲ್ಲಿ ಕುಳಿತಿದ್ದ ನಮ್ಮ ಅತ್ತೆ ಹೂಂ ಅಂದರು. ನನಗಾಗಲಿ ಅವರಿಗಾಗಲಿ ಆರು ಟಕ್‌ಗಳಲ್ಲಿ ಯಾವ ವ್ಯತ್ಯಾಸವೂ ಕೇಳಿಸಿರಲಿಲ್ಲ.

ಹೈದರಾಬಾದಿನ ಆಬಿಡ್ಸ್ ಕಡೆ, ಪರವಾನಗಿ ಇರುವ ಶಸ್ತ್ರದಂಗಡಿಯೊಂದರ ಹಿಂದಿನ ಕೋಣೆ ಅದು. ಮಾಮಾ ತೀರಿಕೊಂಡ ಮೇಲೆ ಅವರ ರಿವಾಲ್ವರ್ ಕಾನೂನಿನ ಪ್ರಕಾರ ಅಲ್ಲೇ ಠೇವಣಿಯಲ್ಲಿತ್ತು. ಕಾಚಿಗುಡದ ಮನೆಯಲ್ಲಿ ಒಂಟಿಯಾಗಿರುವ ಅತ್ತೆಗೆ ಅದು ಬೇಡವಾಗಿತ್ತು. ಮಾರಬೇಕು, ಆದರೆ ಎಷ್ಟಕ್ಕೆ? ಒಬ್ಬರು ಹೇಳಿದ ಬೆಲೆಗೂ ಇನ್ನೊಬ್ಬರು ಹೇಳಿದ್ದಕ್ಕೂ ಮೂರು ಪಟ್ಟು ಅಂತರವಿತ್ತು. "ಉಸ್ತಾದರಿಗೆ ಒಮ್ಮೆ ತೋರಿಸಿ" ಎಂದವರು ಅಂಗಡಿಯ ಮಾಲೀಕರೇ. ಅತ್ತೆಯ ಜೊತೆಗೆಂದು ಹೋದ ನಾನು ಆಮೇಲೆ ಅದೇ ಕೋಣೆಗೆ ನಾಲ್ಕು ಸಲ ಹೋದೆ, ಅವರು ಬೆಲೆ ಕಟ್ಟುವುದನ್ನು ನೋಡುವ ಆಸೆಗೆ.

ಉಸ್ತಾದರಿಗೆ ಎಪ್ಪತ್ತು ದಾಟಿದೆ. ಬೀದರ ಕಡೆಯವರು. ಬೀದರ, ಕಲಬುರಗಿ, ರಾಯಚೂರು 1956ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದವಲ್ಲ, ಆ ಕಾಲದಲ್ಲೇ ಅವರ ಸೋದರಮಾವ ಕೆಲಸ ಹುಡುಕಿ ಇಲ್ಲಿಗೆ ಬಂದರಂತೆ. ಇವರು ಹುಡುಗನಾಗಿ ಬಂದು ಮಾವನ ಪಕ್ಕದಲ್ಲಿ ಅರ ಹಿಡಿದು ಕೂತವರು. ಗಿರಾಕಿಗಳ ಜೊತೆ ದಖನಿ, ಮಾಲೀಕರ ಜೊತೆ ತೆಲುಗು, ಕನ್ನಡದವರು ಬಂದರೆ ಬೀದರ ಕನ್ನಡ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ, ಹಾಕುವುದಿಲ್ಲ.

ಅವರ ಲೆಕ್ಕ ರೂಪಾಯಿಯಲ್ಲಿ ಶುರುವಾಗುವುದಿಲ್ಲ, ಆಣೆಯಲ್ಲಿ ಶುರುವಾಗುತ್ತದೆ. ಕಾರ್ಖಾನೆಯಿಂದ ಹೊರಬಿದ್ದ ಹಾಗೇ ಉಳಿದ ಕೋವಿ ಹದಿನಾರಾಣೆ. ಬಳಸಿದ್ದಕ್ಕೆ, ತುಕ್ಕಿಗೆ, ಎಲ್ಲಕ್ಕಿಂತ ಹೆಚ್ಚಾಗಿ ಮನುಷ್ಯರು ಮಾಡಿದ ಬದಲಾವಣೆಗಳಿಗೆ ಆಣೆ ಕಳೆಯುತ್ತ ಬರಬೇಕು. ಉಳಿದ ಆಣೆಯನ್ನು ಆ ವಾರದ ಪೇಟೆ ಧಾರಣೆಗೆ ಗುಣಿಸಿದರೆ ಬೆಲೆ ಸಿಕ್ಕಿತು. ಆಣೆ ಚಲಾವಣೆಯಿಂದ ಹೋಗಿ ಅರವತ್ತು ವರ್ಷದ ಮೇಲಾಗಿದೆ. ಈ ಕೋಣೆಯಲ್ಲಿ ಮಾತ್ರ ಅದು ದಿನವೂ ಎಣಿಕೆಗೆ ಬರುತ್ತದೆ.

ಅತ್ತೆಯ ಕೈಬಂದೂಕು ಬರ್ಮಿಂಗ್‌ಹ್ಯಾಮಿನ ವೆಬ್ಲಿ ಆಂಡ್ ಸ್ಕಾಟ್ ಕಂಪನಿಯದು, .32 ಬೋರ್. ಮೇಲಿನ ಕೊಂಡಿ ಒತ್ತಿದರೆ ನಳಿಗೆ ಮುಂದಕ್ಕೆ ಮಡಚಿಕೊಂಡು ಹೊಟ್ಟೆ ತೆರೆದುಕೊಳ್ಳುವ ಹಳೆಯ ಮಾದರಿ. ಉಸ್ತಾದರು ಮೊದಲು ಮಾಡಿದ್ದೂ ಅದನ್ನೇ. ಖಾಲಿ ಇದೆ ಎಂದು ಮಾಲೀಕರು ಹೇಳಿದ್ದರೂ ತೆರೆದು, ಆರೂ ಮನೆಗಳಲ್ಲಿ ಕಿರುಬೆರಳು ಆಡಿಸಿ ನೋಡಿದರು. ಆಮೇಲೆ ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನನಗೂ ತೋರಿಸಿದರು. ಒಳಗೆ ಸುರುಳಿ ಸುರುಳಿಯಾಗಿ ಗೆರೆಗಳು, ಮಧ್ಯದಲ್ಲಿ ಬಾವಿಯ ತಳದ ನೀರಿನ ಹಾಗೆ ಬೆಳಕು. "ಕನ್ನಡಿ ಅದ. ಸಾಹೇಬ್ರು ಹೊಡದೇ ಇಲ್ಲ." ಇಲ್ಲಿ ಆಣೆ ಕಳೆಯಲಿಲ್ಲ. ವಿಸಿಟಿಂಗ್ ಕಾರ್ಡೊಂದನ್ನು ಚರಖಿಗೂ ನಳಿಗೆಗೂ ನಡುವೆ ತೂರಿಸಲು ನೋಡಿದರು. ಹೋಗಲಿಲ್ಲ. ಅಷ್ಟು ಬಿಗಿಯಿದ್ದರೆ ಒಳ್ಳೆಯದು. ಸವೆದ ಕೋವಿಯಲ್ಲಿ ಆ ಸಂದಿನಿಂದ ಬೆಂಕಿ ಬದಿಗೆ ಸಿಡಿಯುತ್ತದೆ.

ಕಳೆಯುವ ಕೆಲಸ ಶುರುವಾದದ್ದು ಹೊರಮೈಯಿಂದ. ಇಡೀ ರಿವಾಲ್ವರ್ ಬೆಳ್ಳಿಯ ಲೋಟದ ಹಾಗೆ ಫಳಫಳ ಹೊಳೆಯುತ್ತಿತ್ತು. ಅದೇ ಅದರ ದೊಡ್ಡಸ್ತಿಕೆ ಎಂದು ಅತ್ತೆ ತಿಳಿದಿದ್ದರು. ಮದುವೆಯ ಮೆರವಣಿಗೆಯಲ್ಲಿ ಮಿಂಚಲಿ ಎಂದು ಮಾಮಾ ಅದಕ್ಕೆ ನಿಕ್ಕಲ್ ಏರಿಸಿದ್ದರಂತೆ. ಉಸ್ತಾದರು ನಳಿಗೆಯ ಬುಡವನ್ನು ಭೂತಗನ್ನಡಿಯ ಕೆಳಗೆ ಹಿಡಿದರು. ಅಲ್ಲಿ ಬರ್ಮಿಂಗ್‌ಹ್ಯಾಮ್ ಪ್ರೂಫ್ ಹೌಸಿನ ಮುದ್ರೆ ಇರುತ್ತದೆ. 1813ರಲ್ಲಿ ಬ್ರಿಟಿಷ್ ಸಂಸತ್ತಿನ ಕಾಯ್ದೆಯಿಂದ ಹುಟ್ಟಿದ ಸಂಸ್ಥೆ ಅದು. ವಾಡಿಕೆಗಿಂತ ಹೆಚ್ಚು ಒತ್ತಡದ ತೋಟಾ ಹಾಕಿ ಸಿಡಿಸಿ, ಒಡೆಯದೆ ಉಳಿದ ನಳಿಗೆಗೆ ಮಾತ್ರ ಕಿರೀಟ ಮತ್ತು ಅಕ್ಷರಗಳ ಗುರುತು ಒತ್ತುತ್ತಾರೆ. ಅತ್ತೆಯ ಕೋವಿಯಲ್ಲಿ ಕಿರೀಟದ ಮೊನೆಗಳು ಬಾಯಲ್ಲಿಟ್ಟ ಕಲ್ಲುಸಕ್ಕರೆಯಂತೆ ಕರಗಿದ್ದವು. ನಿಕ್ಕಲ್ ಹಾಕುವ ಮುಂಚೆ ಯಾರೋ ಚಕ್ರಕ್ಕೆ ಹಿಡಿದು ಉಜ್ಜಿದ್ದರು. ಚೂಪಾಗಿರಬೇಕಾದ ಅಂಚುಗಳೆಲ್ಲ ದುಂಡಗಾಗಿದ್ದವು.

"ಇದು ಬಣ್ಣ ಅಲ್ರಿ, ಚರ್ಮಾನೇ ತಗದಾರ. ಮೂರಾಣೆ."

ಕಾರ್ಖಾನೆಯಲ್ಲೇ ನಿಕ್ಕಲ್ ಆದ ಕೋವಿಗಳೂ ಇವೆ, ಅವುಗಳಲ್ಲಿ ಮುದ್ರೆ ಚೂಪಾಗಿಯೇ ಇರುತ್ತದೆ. ಹಾಗಿದ್ದರೆ ಒಂದು ಪೈಸೆಯೂ ಕಡಿಮೆಯಿಲ್ಲ. ಹೊಳಪು ಒಂದೇ, ಬೆಲೆ ಬೇರೆ.

ಆಮೇಲೆ ಹಿಡಿ. ಮೂಲದ ಕಪ್ಪು ಎಬೊನೈಟ್ ಪಟ್ಟಿಗಳು ಹೋಗಿ ಬೀಟೆ ಮರದ, ಹೂಬಳ್ಳಿ ಕೆತ್ತಿದ ಹಿಡಿ ಬಂದಿತ್ತು. ಕೆತ್ತನೆ ಚೆಂದವೇ ಇತ್ತು. ಉಸ್ತಾದರು ಅದರ ಮೇಲೆ ಬೆರಳಾಡಿಸಿ ಹೊಗಳಿದರು, ಹೊಗಳುತ್ತಲೇ ಒಂದೂವರೆ ಆಣೆ ಕಳೆದರು. ದಂತದ ಹಿಡಿ ಹಾಕಿಸಿಕೊಂಡವರ ಪಾಡು ಇನ್ನೂ ಕಷ್ಟ. ತಮ್ಮ ಕೋವಿಗೆ ದುಪ್ಪಟ್ಟು ಸಿಗುತ್ತದೆಂದು ನಂಬಿ ಬರುತ್ತಾರೆ. ವನ್ಯಜೀವಿ ಕಾಯ್ದೆಯ ಪ್ರಕಾರ ದಂತದ ವ್ಯಾಪಾರವೇ ನಿಷಿದ್ಧ, ಆ ಹಿಡಿಯನ್ನು ಕಳಚದೆ ಕೋವಿಯನ್ನು ಮಾರುವ ಹಾಗೇ ಇಲ್ಲ.

ತಿರುಪುಗಳ ತಲೆ ನೋಡಿದರು. ಗೀರಿನ ಅಂಚು ಹರಿದು ಮುಳ್ಳಾಗಿತ್ತು. ಅಳತೆಗೆ ಸರಿಯಿಲ್ಲದ ಸ್ಕ್ರೂಡ್ರೈವರ್ ಹಾಕಿ ತಿರುಗಿಸಿದ ಗುರುತು. ಬಲ್ಲವರಲ್ಲದವರು ಒಳಗೆ ಕೈಹಾಕಿದ್ದಾರೆ ಎಂದು ಅದೇ ಸಾಕ್ಷಿ ಹೇಳುತ್ತದೆ. ಅರ್ಧ ಆಣೆ. ಒಳಗೆ ಏನು ಮಾಡಿದ್ದರು ಎಂಬುದು ಘೋಡಾ ಏರಿಸಿ ಟ್ರಿಗರ್ ಮುಟ್ಟಿದಾಗ ತಿಳಿಯಿತು. ಹಗುರಾಗಲಿ ಎಂದು ಸ್ಪ್ರಿಂಗ್ ಕತ್ತರಿಸಿದ್ದರು. "ಇದು ತಪ್ಪು ರೀ. ಕೈಗೆ ಹಗುರ ಆಗ್ತದ, ಜೀವಕ್ಕ ಭಾರ ಆಗ್ತದ." ಸ್ಪ್ರಿಂಗ್ ಬದಲಿಸದೆ ಇದನ್ನು ಯಾರ ಕೈಗೂ ಕೊಡಬಾರದು ಎಂದು ಮಾಲೀಕರಿಗೆ ಕೂಗಿ ಹೇಳಿ, ಒಂದಾಣೆ ಕಳೆದರು. (ಅವರು ಘೋಡಾ ಅಂದಾಗಲೆಲ್ಲ ನನಗೆ ನಮ್ಮ ಮಾತು ನೆನಪಾಗುತ್ತಿತ್ತು. ಕನ್ನಡದಲ್ಲೂ ಬಂದೂಕಿನ ಕುದುರೆ ಎನ್ನುತ್ತೇವಲ್ಲ. ಎರಡು ಭಾಷೆಯವರೂ ಈ ಕಬ್ಬಿಣದ ತುಂಡಿನಲ್ಲಿ ಕುದುರೆಯನ್ನೇ ಕಂಡಿದ್ದಾರೆ.)

ಉಳಿದದ್ದು ಹತ್ತಾಣೆ.

ಆಣೆ ಕಳೆಯುವ ಮಾತೇ ಇಲ್ಲದ, ಮುಟ್ಟಲೂ ಒಪ್ಪದ ಬದಲಾವಣೆಗಳು ಎರಡಿವೆ. ನಳಿಗೆ ಕತ್ತರಿಸಿ ಮೊಟಕು ಮಾಡಿದ್ದು ಒಂದು. 1959ರ ಶಸ್ತ್ರಾಸ್ತ್ರ ಕಾಯ್ದೆಯ 6ನೇ ಕಲಮಿನ ಪ್ರಕಾರ ಪರವಾನಗಿ ಇಲ್ಲದೆ ಹಾಗೆ ಮಾಡುವುದೇ ಅಪರಾಧ. ನಂಬರ್ ಉಜ್ಜಿದ್ದು ಇನ್ನೊಂದು. ಚೌಕಟ್ಟಿನ ಮೇಲಿನ ನಂಬರಿಗೂ ಪರವಾನಗಿ ಪುಸ್ತಕದಲ್ಲಿರುವ ನಂಬರಿಗೂ ಒಂದಂಕಿ ತಾಳೆಯಾಗದಿದ್ದರೂ ಉಸ್ತಾದರು ಕೋವಿಯನ್ನು ಬಟ್ಟೆಯ ಮೇಲಿಟ್ಟು ಕೈ ಒರೆಸಿಕೊಳ್ಳುತ್ತಾರೆ. "ಕಾಗದ ಸರಿ ಇಲ್ಲಂದ್ರ ಅದು ಕೋವಿ ಅಲ್ಲ, ಕೇಸು."

ಇನ್ನು ಆಣೆ ರೂಪಾಯಿಯಾಗುವ ಬಗೆ. ಎಂಬತ್ತರ ದಶಕದ ನಡುವೆ ಖಾಸಗಿಯವರು ವಿದೇಶಿ ಕೋವಿ ತರಿಸಿಕೊಳ್ಳುವುದು ನಿಂತಿತು. ಹೆಸರಾಂತ ಗುರಿಕಾರ ಕ್ರೀಡಾಪಟುಗಳಿಗಷ್ಟೇ ವಿನಾಯಿತಿ ಉಳಿಯಿತು. ದೇಶದೊಳಗೆ ಇದ್ದಷ್ಟೇ ಇದ್ದವು, ಬೆಲೆ ಏರುತ್ತ ಹೋಯಿತು. ಅದರಲ್ಲೂ .38, .455, 9 ಎಂಎಂ ಎಲ್ಲ ನಿಷಿದ್ಧ ಬೋರ್. ಸಾಮಾನ್ಯ ಪರವಾನಗಿದಾರರ ಪಾಲಿಗೆ ಮುಖ್ಯವಾಗಿ ಉಳಿದದ್ದು .32. ಹೀಗಾಗಿ ಇಂಗ್ಲೆಂಡಿನಲ್ಲಿ ಸಾಧಾರಣವೆನಿಸಿದ್ದ ಕೈಬಂದೂಕು ಇಲ್ಲಿ ಒಡವೆಯ ಬೆಲೆ ಕಂಡಿತು. ನಮ್ಮ ಸರ್ಕಾರಿ ಕಾರ್ಖಾನೆಯ .32 ರಿವಾಲ್ವರ್ ಕೂಡ ವೆಬ್ಲಿಯ ಮಾದರಿಯನ್ನೇ ಅನುಸರಿಸಿದ್ದು. 2014ರಲ್ಲಿ ಕಾನ್ಪುರದಿಂದ 500 ಗ್ರಾಂ ತೂಕದ ‘ನಿರ್ಭೀಕ್’ ಬಂದಾಗ ಅದರ ಬೆಲೆ 1,22,360 ರೂಪಾಯಿ. ಹೊಸದರ ಬೆಲೆಯೇ ಹಳೆಯದಕ್ಕೆ ಅಳತೆಗೋಲು. ಹೊಸದರ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರಿನಲ್ಲಿ ಶೇ 28ರಿಂದ 40ಕ್ಕೆ ಏರಿತು, ಹಳೆಯದನ್ನು ಕೇಳಿಕೊಂಡು ಬರುವವರು ಆಮೇಲೆ ಹೆಚ್ಚಿದರು ಎಂದು ಮಾಲೀಕರು ಹೇಳುತ್ತಾರೆ.

ಬೆಲೆ ಇಳಿಸಿದ ಸಂಗತಿಗಳೂ ಇವೆ. 2019ರ ತಿದ್ದುಪಡಿ ಒಬ್ಬರ ಬಳಿ ಮೂರು ಕೋವಿ ಇರಬಹುದಿದ್ದದ್ದನ್ನು ಎರಡಕ್ಕೆ ಇಳಿಸಿತು, ಮೂರನೆಯದನ್ನು ಬಿಟ್ಟುಕೊಡಲೇಬೇಕಾಯಿತು. ಮದುವೆಯ ಸಂಭ್ರಮಕ್ಕೆ ಗುಂಡು ಹಾರಿಸಿದರೆ ಎರಡು ವರ್ಷದವರೆಗೆ ಜೈಲು ಎಂದು ಬರೆದದ್ದೂ ಅದೇ ತಿದ್ದುಪಡಿ. ಇನ್ನೊಂದು ಹೊಡೆತ ಬಿದ್ದದ್ದು ಹೆಸರಿಗೇ. 1897ರಲ್ಲಿ ರೂಪುಗೊಂಡ ವೆಬ್ಲಿ ಆಂಡ್ ಸ್ಕಾಟ್ 1979ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಕೋವಿ ತಯಾರಿಕೆ ನಿಲ್ಲಿಸಿತ್ತು. 2020ರಲ್ಲಿ ಅದೇ ಹೆಸರಿನ .32 ರಿವಾಲ್ವರ್ ಉತ್ತರ ಪ್ರದೇಶದ ಹರ್ದೋಯಿ ಜಿಲ್ಲೆಯ ಸಂಡೀಲಾದಲ್ಲಿ ತಯಾರಾಗತೊಡಗಿತು. ‘ವೆಬ್ಲಿ’ ಎಂಬ ಹೆಸರಿಗಷ್ಟೇ ದುಡ್ಡು ಕೊಡುತ್ತಿದ್ದವರಿಗೆ ಈಗ ಹೊಸ ವೆಬ್ಲಿಯೇ ಸಿಗುತ್ತದೆ.

ಈ ಊರಿಗೂ ಕೋವಿಗೂ ನಂಟು ಹಳೆಯದು. ಅಂಗಡಿಯಿಂದ ನಡೆದೇ ಹೋಗಬಹುದಾದ ದೂರದಲ್ಲಿ ಗನ್ ಫೌಂಡ್ರಿ ಎಂಬ ಬಡಾವಣೆಯಿದೆ. ಎರಡನೇ ಅಸಫ್ ಜಾ ನಿಜಾಮ್ ಅಲಿ ಖಾನರ ಸೇನೆಯಲ್ಲಿದ್ದ ಫ್ರೆಂಚ್ ದಳಪತಿ ರೇಮಂಡ್ 1795ರಲ್ಲಿ ಅಲ್ಲಿ ತೋಪು ಎರಕ ಹೊಯ್ಯುವ ಕಾರ್ಖಾನೆ ಕಟ್ಟಿಸಿದ. ಜನ ಅವನನ್ನು ಮೂಸಾ ರಹಮು ಎಂದು ಕರೆದರು. ಆ ಕಾರ್ಖಾನೆಯ ಪಾಳುಗೋಡೆಗಳು ಈಗಲೂ ಇವೆ. ಉಸ್ತಾದರ ಮಾವ ಹೇಳುತ್ತಿದ್ದ ಪ್ರಕಾರ 1948ರ ಪೊಲೀಸ್ ಕಾರ್ಯಾಚರಣೆಯ ನಂತರ ಎಷ್ಟೋ ಮನೆತನಗಳು ಕೋವಿಗಳನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿ ಬಾವಿಗೆ ಇಳಿಸಿದವಂತೆ. ನೀರಿನಿಂದ ಮೇಲೆ ಬಂದವನ್ನು ಅವರು ವಾಸನೆಯಿಂದಲೇ ಗುರುತಿಸುತ್ತಿದ್ದರು ಎಂದು ಉಸ್ತಾದರು ಹೇಳುವಾಗ ಮುಖದಲ್ಲಿ ಹೆಮ್ಮೆ.

ಕೊಡಗಿನ ಆಯುಧದ ಹಬ್ಬ ಕೈಲ್‌ಮುಹೂರ್ತದಲ್ಲಿ ಹೂವೇರಿಸಿಕೊಂಡು ನಿಲ್ಲುವ ಕೋವಿಗೆ ಮನೆಮಂದಿಯೆಲ್ಲ ವಾರಸುದಾರರು. ಊರಿನ ಕೈಬಂದೂಕಿಗೆ ಆ ಭಾಗ್ಯವಿಲ್ಲ. ಅದು ಒಬ್ಬರ ಪರವಾನಗಿಯ ಜೊತೆ ಬದುಕಿ, ಅವರ ಜೊತೆ ಅನಾಥವಾಗುತ್ತದೆ. ಅಂಗಡಿಯ ಕಬ್ಬಿಣದ ಕಪಾಟಿನಲ್ಲಿ ಹಾಗೆ ಅನಾಥವಾದವು ಸಾಲಾಗಿ ಮಲಗಿವೆ, ಪ್ರತಿಯೊಂದರ ಕೊರಳಿಗೂ ದಾರದಲ್ಲಿ ಚೀಟಿ. ಮಕ್ಕಳು ಬೇರೆ ದೇಶದಲ್ಲಿರುತ್ತಾರೆ, ದೂರದಿಂದಲೇ ಮಾರಿಬಿಡಿ ಎನ್ನುತ್ತಾರೆ. ಅಂಥವರಿಗೆ ಸುಳ್ಳು ಬೆಲೆ ಹೇಳುವುದು ಸುಲಭ. ಉಸ್ತಾದರಂಥವರು ಬೇಕಾಗುವುದು ಅಲ್ಲಿ.

ಅವರ ನಂತರ ಈ ಕೋಣೆಯಲ್ಲಿ ಕೂರುವವರಿಲ್ಲ. ಮಗ ಗಚ್ಚಿಬೌಲಿಯಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾರೆ. ಪಿಸ್ತೂಲು ಹಿಡಿಯುವ ಹುಡುಗ ಹುಡುಗಿಯರಿಗೇನೂ ಊರಿನಲ್ಲಿ ಕಡಿಮೆಯಿಲ್ಲ. ಇದೇ ಹೈದರಾಬಾದಿನ ಇಶಾ ಸಿಂಗ್ 2018ರಲ್ಲಿ, 13ನೇ ವಯಸ್ಸಿಗೆ, ಏರ್ ಪಿಸ್ತೂಲಿನಲ್ಲಿ ರಾಷ್ಟ್ರೀಯ ಚಾಂಪಿಯನ್ ಆದರು, ಮುಂದೆ ಪ್ಯಾರಿಸ್ ಒಲಿಂಪಿಕ್ಸಿಗೂ ಹೋದರು. ಅವರನ್ನು ನೋಡಿ ಶುರು ಮಾಡಿದ ಮಕ್ಕಳು ಒಮ್ಮೊಮ್ಮೆ ಹಳೆಯ ಏರ್ ಪಿಸ್ತೂಲು ತಂದು ತೋರಿಸುತ್ತಾರೆ. ಅದರ ಲೆಕ್ಕವೇ ಬೇರೆ ಎಂದು ಉಸ್ತಾದರು ಒಪ್ಪುತ್ತಾರೆ. ಹಿಂದಿನವರ ಅಂಗೈಗೆ ತಕ್ಕಂತೆ ಅರೆದು ಪುಟ್ಟಿ ಮೆತ್ತಿದ ಮರದ ಹಿಡಿ ಹೊಸಬರ ಕೈಗೆ ಕೂರುವುದೇ ಇಲ್ಲ. ಆದರೂ ಆ ಹಿಡಿಯನ್ನು ಕೈಯಲ್ಲಿ ಹಿಡಿದು, ಇದರ ಒಡೆಯನ ತೋರುಬೆರಳು ಉದ್ದ, ಹೆಬ್ಬೆರಳು ಗಿಡ್ಡ ಎಂದು ಹೇಳಿಬಿಡುತ್ತಾರೆ. ಕಲಿಯಲು ಯಾರಾದರೂ ಬಂದರೆ ಸಂಬಳವಿಲ್ಲದೆ ಹೇಳಿಕೊಡುವೆ ಎನ್ನುತ್ತಾರೆ. ಕಿವಿ ತಯಾರಾಗಲು ಹತ್ತು ವರ್ಷ ಬೇಕು ಎಂದೂ ಸೇರಿಸುತ್ತಾರೆ. ಶಸ್ತ್ರದಂಗಡಿಗಳ ಸಂಘದವರಾಗಲಿ ಪರವಾನಗಿ ಕೊಡುವ ಇಲಾಖೆಯಾಗಲಿ ಇಂಥವರ ಮುಂದೆ ನಾಲ್ಕು ಜನರನ್ನು ಕೂರಿಸಿ ಈ ವಿದ್ಯೆಯನ್ನು ಬರೆಸಿಕೊಳ್ಳಬೇಕು ಎಂದು ನನಗೆ ಬಲವಾಗಿ ಅನ್ನಿಸಿತು.

ಕೊನೆಯ ಸಲ ಹೋದಾಗ ಅತ್ತೆಯೂ ಬಂದಿದ್ದರು. ಕೊಳ್ಳುವವರು ಸಿಕ್ಕಿದ್ದರು, ಹತ್ತಾಣೆಯ ಬೆಲೆಗೇ. ಉಸ್ತಾದರು ಕಪಾಟಿನ ಮೇಲಿಂದ ಬಿಸ್ಕತ್ತಿನ ದೊಡ್ಡ ತಗಡಿನ ಡಬ್ಬಿಯೊಂದನ್ನು ಇಳಿಸಿ ಮುಂದಿಟ್ಟರು. ಅದರ ತುಂಬ ಕಪ್ಪು ಹಿಡಿಪಟ್ಟಿಗಳು. ಐವತ್ತು ವರ್ಷಗಳಲ್ಲಿ ಗಿರಾಕಿಗಳು ಚೆಂದ ಕಾಣಲೆಂದು ತೆಗೆಸಿ ಬಿಟ್ಟುಹೋದ ಮೂಲದ ಹಿಡಿಗಳು, ಒಂದೊಂದರ ಒಳಮೈಗೂ ಉರ್ದು ಅಂಕಿಯಲ್ಲಿ ಕೋವಿಯ ನಂಬರ್ ಬರೆದ ಕಾಗದ ಅಂಟಿಸಿತ್ತು. ಮಾಮಾ ಬೀಟೆಯ ಹಿಡಿ ಹಾಕಿಸಿದ್ದು ಇದೇ ಕೋಣೆಯಲ್ಲಂತೆ, ಉಸ್ತಾದರ ಮಾವ ಬದುಕಿದ್ದಾಗ.

ಅರ್ಧ ಗಂಟೆ ಹುಡುಕಿದರು. ಎಡಗಡೆಯ ಪಟ್ಟಿ ಸಿಕ್ಕಿತು, ನಂಬರ್ ಸರಿಯಾಗಿತ್ತು. ಬಲಗಡೆಯದು ಡಬ್ಬಿಯ ತಳದವರೆಗೂ ಇರಲಿಲ್ಲ.

"ಅರ್ಧ ಸಿಕ್ಕರ ಅರ್ಧ ರೊಕ್ಕ ಬರಂಗಿಲ್ರಿ ಅಮ್ಮಾ," ಎಂದರು ಉಸ್ತಾದರು. ಪಟ್ಟಿಯನ್ನು ಅಂಗಿಯ ತುದಿಯಿಂದ ಒರೆಸಿ ಅತ್ತೆಯ ಕೈಗಿಟ್ಟರು. ಚೌಕಳಿ ಗೆರೆಗಳು ಒಂದು ಕಡೆ ನುಣ್ಣಗೆ ಸವೆದಿದ್ದವು, ಹಿಡಿದವರ ಅಂಗೈ ತಾಗುವ ಜಾಗದಲ್ಲಿ. ಅತ್ತೆ ಅದರ ಮೇಲೆ ತಮ್ಮ ಹೆಬ್ಬೆರಳಿಟ್ಟು ಸ್ವಲ್ಪ ಹೊತ್ತು ಕೂತರು. ಆಮೇಲೆ ಪರ್ಸಿನಲ್ಲಿ ಹಾಕಿಕೊಂಡು, ಮಾರಾಟದ ಕಾಗದಗಳಿಗೆ ರುಜು ಹಾಕಲು ಕನ್ನಡಕ ಹುಡುಕತೊಡಗಿದರು.