ಖಡಕ್ ರೊಟ್ಟಿ ತಂದ ಬಿಡುವು

ಯಾದಗಿರಿ ಜಿಲ್ಲೆಯ ವಡಗೇರಾ ಸೀಮೆಯಲ್ಲಿ ಊಟಕ್ಕೆ ಕರೆಯುವುದು ಹೊಸತೇನಲ್ಲ. ಮದುವೆ, ಜಾವಳ, ಜಾತ್ರೆ, ಮನೆದೇವರ ಕಾರ್ಯ ಎಂದರೆ ಊರಿಗೆ ಊರೇ ಉಣ್ಣಬೇಕು. ಮನೆಮುಂದೆ ಒಲೆ ಹೂಡಿ, ಪಂಕ್ತಿ ಮೇಲೆ ಪಂಕ್ತಿ ಬಡಿಸಿದರೇ ಸಮಾಧಾನ. ಆದರೆ ಹಬ್ಬವಿಲ್ಲದೆ, ಹರಕೆಯಿಲ್ಲದೆ, ಆರೆಂಟು ಮಂದಿಯನ್ನಷ್ಟೇ ರಾತ್ರಿ ಕರೆದು, ಮಾಳಿಗೆ ಮೇಲೆ ಜಮಖಾನಿ ಹಾಸಿ, ಮನೆಯಾಕೆಯೂ ಜೊತೆಗೇ ಕೂತು ಉಣ್ಣುವ ಸಣ್ಣ ದಾವತ್ ಇದೆಯಲ್ಲ, ಅದು ಬೆಳೆದುಬಂದ ದಾರಿಯೇ ಬೇರೆ. ಅದರ ಬೇರು ಹುಡುಕಬೇಕೆಂದರೆ ಹೊಲಕ್ಕೆ ಹೋಗಬೇಕು.

ಡಿಸೆಂಬರ್–ಜನವರಿಯಲ್ಲಿ ಎಳ್ಳ ಅಮಾವಾಸ್ಯೆ. ಎರಿ ಹೊಲದಲ್ಲಿ ಬಿಳಿಜೋಳ ಎದ್ದು ನಿಂತಿರುವ ಹೊತ್ತು. ಸಜ್ಜಿ ರೊಟ್ಟಿ, ಸಜ್ಜಿ ಕಡುಬು, ಶೇಂಗಾ ಹೋಳಿಗೆ, ಸೊಪ್ಪು–ಕಾಳುಗಳನ್ನೆಲ್ಲ ಕೂಡಿಸಿ ಕುದಿಸಿದ ಭಜ್ಜಿ, ಅಂಬಲಿ ಎಲ್ಲವೂ ಬುಟ್ಟಿ ಸೇರಿ ಬಂಡಿ ಏರುತ್ತವೆ. ಭೂಮಿತಾಯಿಗೆ ಪೂಜೆ ಮಾಡಿ, ಬೆಳೆಯ ನಡುವೆ ಚರಗ ಚೆಲ್ಲಿ, ಎಲ್ಲರೂ ಒಟ್ಟಿಗೆ ಕೂಡುತ್ತಾರೆ. ಪಕ್ಕದ ಹೊಲದವರನ್ನೂ ‘ಬರ್ರಿ, ಒಂದು ತುತ್ತು ಉಣ್ರಿ’ ಎಂದು ಕರೆಯುತ್ತಾರೆ. ಅಲ್ಲಿ ಒಲೆಯಿಲ್ಲ, ಅಡುಗೆ ಹಿಂದಿನ ದಿನದಿಂದಲೇ ಆಗಿರುತ್ತದೆ. ಹೀಗಾಗಿ ಉಳಿದ ದಿನವೆಲ್ಲ ಕಡೆಯ ಪಂಕ್ತಿಗೆ ಕೂಡುವ ಹೆಣ್ಣುಮಕ್ಕಳು ಅಂದು ಎಲ್ಲರ ಜೊತೆ ಕೂಡುತ್ತಾರೆ.

ಅದರ ಬೆನ್ನಿಗೇ ಸೀತನಿ. ಹಾಲುಗಾಳು ತುಂಬಿದ ಜೋಳದ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿ ಇರುವಾಗಲೇ ತಿಕ್ಕಿ ಕಾಳು ಉದುರಿಸಿ, ಶೇಂಗಾ ಹಿಂಡಿ, ಬೆಲ್ಲ, ಮೊಸರಿನೊಂದಿಗೆ ತಿನ್ನುವುದು. ಇದಕ್ಕೆ ಪೂಜೆಯೂ ಬೇಡ, ಬಂಧುಬಳಗವೆಲ್ಲ ಬರಬೇಕೆಂಬ ಕಟ್ಟೂ ಇಲ್ಲ. ಮನಸ್ಸಿಗೆ ಬಂದ ನಾಲ್ಕು ಮಂದಿ ಗೆಳೆಯರು ಸಾಕು.

ಮನೆಯೊಳಗಿನ ಕರೆಯೂಟಕ್ಕೆ ಇನ್ನೊಂದು ಕಡೆಯಿಂದಲೂ ರುಚಿ ಬಂತು. 1948ರ ಸೆಪ್ಟೆಂಬರ್ 17ರವರೆಗೆ ಈ ನೆಲ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಬಗಾರಾ ಅನ್ನ, ಬಗಾರಾ ಬದನೆಕಾಯಿ ಆ ಕಾಲದ ಬಳುವಳಿ. ರಂಜಾನ್ ಹಬ್ಬಕ್ಕೆ ‘ಸುರಕುಂಬಾ (ಶಾವಿಗೆ ಪಾಯಸ) ಕುಡಿಯಲಿಕ್ಕೆ ಬರ್ರಿ’ ಎಂಬ ಕರೆ ಇಂದಿಗೂ ಓಣಿಯ ಎಲ್ಲ ಜಾತಿಯ ಮನೆಗಳಿಗೂ ಹೋಗುತ್ತದೆ. ಪಂಕ್ತಿಯಿಲ್ಲದೆ, ಗದ್ದಲವಿಲ್ಲದೆ ಕೂತು ಮಾತಾಡುತ್ತ ಉಣ್ಣುವ ರೂಢಿಗೆ ಇದೂ ಕೈಜೋಡಿಸಿತು.

ಇಷ್ಟಿದ್ದರೂ ಮನೆಯೂಟ ನಿರಾಳವಾಗಲು ಅಡ್ಡಿಯಾಗಿದ್ದು ಬಿಸಿ ರೊಟ್ಟಿ. ಜೋಳದ ಹಿಟ್ಟಿಗೆ ಗೋಧಿಯ ಜಿಗುಟಿಲ್ಲ. ಕುದಿಯುವ ಎಸರು ಹೊಯ್ದು, ಅಂಗೈ ಒತ್ತಿ ನಾದಿದರೆ ಮಾತ್ರ ಅದು ಕೂಡಿಕೊಳ್ಳುತ್ತದೆ. ಉಂಡೆಯನ್ನು ಎರಡೂ ಕೈಯಿಂದ ತಿರುಗಿಸುತ್ತ ಬಡಿದು, ಕಾದ ಹಂಚಿಗೆ ಹಾಕಿ, ಮೇಲ್ಮೈಗೆ ಒದ್ದೆ ಅರಿವೆಯಿಂದ ನೀರು ಸವರಬೇಕು. ಆ ನೀರು ಆರುವ ಹೊತ್ತಿಗೆ ಸರಿಯಾಗಿ ಮಗುಚಬೇಕು, ತಡವಾದರೆ ಬಿರುಕು. ತಟ್ಟೆಗೆ ಒಂದೊಂದೇ ಬಿಸಿ ರೊಟ್ಟಿ ಹೋಗಬೇಕೆಂದರೆ ಮಾಡುವಾಕೆ ಹಂಚಿನ ಮುಂದಿಂದ ಏಳುವಂತಿಲ್ಲ. ಪಡಸಾಲೆಯ ನಗು ಆಕೆಗೆ ಒಳಗಿಂದಲೇ ಕೇಳಬೇಕು.

ಬಿಡುಗಡೆ ಸಿಕ್ಕಿದ್ದು ಖಡಕ್ ರೊಟ್ಟಿಯಿಂದ. ತೆಳ್ಳಗೆ ಬಡಿದು, ಬೇಯಿಸಿ, ಮತ್ತೆ ಸಣ್ಣ ಉರಿಯ ಹಂಚಿನ ಮೇಲೆ ಅರಿವೆಯಿಂದ ಒತ್ತುತ್ತ ನೀರಿನಂಶವನ್ನೆಲ್ಲ ಆರಿಸಿದರೆ ಅದು ವಾರಗಟ್ಟಲೆ ಕೆಡುವುದಿಲ್ಲ. ಹೊಲಕ್ಕೆ, ದೂರದ ಜಾತ್ರೆಗೆ ಕಟ್ಟಿಕೊಂಡು ಹೋಗುವ ಬುತ್ತಿಯ ರೊಟ್ಟಿ ಇದೇ. ಇದರ ಜೋಡಿ ಶೇಂಗಾ ಹಿಂಡಿ, ಅಗಸಿ ಹಿಂಡಿ ಕುಟ್ಟಿಟ್ಟರೆ ಅರ್ಧ ಅಡುಗೆ ಮುಗಿದಂತೆ. ಹುಳಿಯಿರುವ ಪುಂಡಿಪಲ್ಯ ಬೆಳಿಗ್ಗೆ ಮಾಡಿಟ್ಟರೂ ರಾತ್ರಿಗೆ ಕೆಡದು. ಎಣ್ಣೆಗಾಯಿಯಂತೂ ಮಸಾಲೆ ಹೀರಿಕೊಂಡು ಇನ್ನಷ್ಟು ರುಚಿಗೊಳ್ಳುತ್ತದೆ. ಸಂಜೆ ಉಳಿಯುವುದು ಅನ್ನ–ಸಾರು, ಉಳ್ಳಾಗಡ್ಡಿ, ಸೌತೆಕಾಯಿ, ಗಟ್ಟಿ ಮೊಸರಷ್ಟೇ. ಬೇಸಿಗೆಯಲ್ಲಿ ಹಗಲು ನಲವತ್ತು ಡಿಗ್ರಿ ದಾಟುವ ಈ ಕಡೆ, ಕತ್ತಲಾದ ಮೇಲೆ ಮಾಳಿಗೆಗಿಂತ ತಂಪು ಜಾಗ ಇನ್ನೆಲ್ಲಿ?

ಕಾಲವೂ ಸಹಾಯ ಮಾಡಿತು. ನಾರಾಯಣಪುರ ಜಲಾಶಯದ ಎಡದಂಡೆ ಕಾಲುವೆ ನೀರು ಸುರಪುರ, ಶಹಾಪುರದ ಹೊಲಗಳಿಗೆ ಹರಿದ ಮೇಲೆ ಜೋಳದ ಜಾಗಕ್ಕೆ ಭತ್ತ ಬಂತು, ಅನ್ನ ದಿನದೂಟವಾಯಿತು. ಗ್ಯಾಸ್ ಒಲೆ ಬಂದು ಕಟ್ಟಿಗೆಯ ಹೊಗೆ ಕಡಿಮೆಯಾಯಿತು. 2018ರಲ್ಲಿ ಶಹಾಪುರದಿಂದ ಬೇರೆಯಾಗಿ ವಡಗೇರಾ ತಾಲ್ಲೂಕಾಯಿತು. ಕಚೇರಿಗಳ ಜೊತೆ ಪರಊರಿನ ನೌಕರರೂ ಬಂದರು. ಬಳಗವಿಲ್ಲದ ಊರಲ್ಲಿ ಅಂಥವರನ್ನು ಊಟಕ್ಕೆ ಕರೆಯಲು ಮದುವೆ ಮುಹೂರ್ತ ಕಾಯಲಾಗದು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಸಾರಿದ ಹೊತ್ತಿಗೆ ಜೋಳದ ರೊಟ್ಟಿಗೆ ಪೇಟೆಯಲ್ಲೂ ಹೊಸ ಮರ್ಯಾದೆ ಸಿಕ್ಕಿತ್ತು.

ಈಗ ಕಲಬುರಗಿ, ಯಾದಗಿರಿ ಕಡೆ ರೊಟ್ಟಿ ಮಾಡಿ ಮಾರುವ ಹೆಣ್ಣುಮಕ್ಕಳಿದ್ದಾರೆ. ಮೊದಲೇ ಹೇಳಿಟ್ಟರೆ ಬೇಕಾದಷ್ಟು ಖಡಕ್ ರೊಟ್ಟಿ ಕಟ್ಟಿ ಕೊಡುತ್ತಾರೆ. ಅಂದರೆ ನಮ್ಮ ಮನೆಯಾಕೆಗೆ ಸಿಕ್ಕ ಬಿಡುವು ಇನ್ನೊಬ್ಬಾಕೆಯ ಅಂಗೈ ಬಡಿತದಿಂದ ಬಂದದ್ದು. ಆಕೆ ಹಂಚಿನ ಮುಂದೆ ಕೂತದ್ದಕ್ಕೇ ನಾವು ಮಾಳಿಗೆ ಮೇಲೆ ಕೂತಿದ್ದೇವೆ. ಹತ್ತು ಮಂದಿಗೆ ಕೈಬಿಚ್ಚಿ ಬಡಿಸುವ ಮನೆಯವರು ರೊಟ್ಟಿಯ ರೊಕ್ಕಕ್ಕೆ ಚೌಕಾಸಿ ಮಾಡುವುದು ಒಪ್ಪುವ ಮಾತಲ್ಲ. ಆಕೆ ಹೇಳಿದ ದರ ಕೊಟ್ಟು ರೊಟ್ಟಿ ತನ್ನಿ. ಆಮೇಲೆ ಗೆಳೆಯರನ್ನು ಕರೆಯಿರಿ.