ಬಣ್ಣ ಮೀರಿದ ಮದುವೆಗೆ ಮುನ್ನೂರು ವರ್ಷದ ತಡೆ

ಅಮೆರಿಕದಲ್ಲಿ ಬಿಳಿಯರು ಮತ್ತು ಬಿಳಿಯರಲ್ಲದವರ ನಡುವಿನ ಮದುವೆಗೆ ಕಾನೂನಿನ ತಡೆ ಬಿದ್ದದ್ದು ಆ ದೇಶ ಸ್ವತಂತ್ರವಾಗುವುದಕ್ಕೂ ನೂರು ವರ್ಷ ಮೊದಲು. 1664ರ ಮೇರಿಲ್ಯಾಂಡ್ ಕಾಯ್ದೆಯ ಪ್ರಕಾರ, ಕಪ್ಪು ಗುಲಾಮನನ್ನು ಮದುವೆಯಾದ ಇಂಗ್ಲಿಷ್ ಹೆಣ್ಣು ಗಂಡ ಬದುಕಿರುವವರೆಗೂ ಅವನ ಒಡೆಯನ ಆಳಾಗಿ ದುಡಿಯಬೇಕಿತ್ತು. ಆಕೆಗೆ ಹುಟ್ಟಿದ ಮಕ್ಕಳೂ ಗುಲಾಮರೇ. ವರ್ಜೀನಿಯಾ 1691ರಲ್ಲಿ, ಕಪ್ಪು ಜನರನ್ನಾಗಲಿ ಮೂಲನಿವಾಸಿಗಳನ್ನಾಗಲಿ ಮದುವೆಯಾದ ಬಿಳಿಯರಿಗೆ ಗಡಿಪಾರು ವಿಧಿಸಿತು.

ಹೊಗೆಸೊಪ್ಪಿನ ತೋಟಗಳು ಗುಲಾಮರ ದುಡಿಮೆಯ ಮೇಲೆ ನಿಂತಿದ್ದ ಕಾಲ ಅದು. ತಾಯಿ ಗುಲಾಮಳಾದರೆ ಮಗುವೂ ಗುಲಾಮ, ತಾಯಿ ಸ್ವತಂತ್ರಳಾದರೆ ಮಗುವೂ ಸ್ವತಂತ್ರ ಎಂದು ವರ್ಜೀನಿಯಾ 1662ರಲ್ಲೇ ಗೊತ್ತುಮಾಡಿತ್ತು. ಬಿಳಿಯ ಹೆಣ್ಣು ಗುಲಾಮನ ಕೈಹಿಡಿದರೆ ಒಡೆಯನ ಆಸ್ತಿಯ ಲೆಕ್ಕವೇ ತಪ್ಪುತ್ತಿತ್ತು. ಒಡೆಯರು ಗುಲಾಮ ಹೆಂಗಸರ ಮೇಲೆ ನಡೆಸುತ್ತಿದ್ದ ಬಲಾತ್ಕಾರಕ್ಕೆ ಮಾತ್ರ ಯಾವ ಕಾಯ್ದೆಯೂ ಅಡ್ಡ ಬರಲಿಲ್ಲ. ರಕ್ತಶುದ್ಧಿಯ ಮಾತು ಎಷ್ಟೇ ಜೋರಾಗಿ ಕೇಳಿಬಂದರೂ ಈ ನಿಷೇಧದ ಬೇರು ಇದ್ದದ್ದು ಒಡೆತನದಲ್ಲಿ.

1865ರಲ್ಲಿ ಗುಲಾಮಗಿರಿ ಕೊನೆಗೊಂಡಿತು, ನಿಷೇಧ ಉಳಿಯಿತು. ಕಪ್ಪು–ಬಿಳಿ ಜೋಡಿಯಲ್ಲಿ ಇಬ್ಬರಿಗೂ ಒಂದೇ ಶಿಕ್ಷೆ ಇರುವಾಗ ತಾರತಮ್ಯ ಎಲ್ಲಿ ಬಂತು ಎಂದು ದೇಶದ ಸುಪ್ರೀಂ ಕೋರ್ಟು 1883ರ ಅಲಬಾಮಾ ಪ್ರಕರಣವೊಂದರಲ್ಲಿ ಹೇಳಿತು. ಈ ತರ್ಕ ಎಂಬತ್ತು ವರ್ಷ ಜೀವ ಹಿಡಿದುಕೊಂಡಿತ್ತು. ಪಶ್ಚಿಮದ ರಾಜ್ಯಗಳಲ್ಲಿ ಚೀನೀಯರು, ಜಪಾನೀಯರ ಹೆಸರೂ ನಿಷೇಧದ ಪಟ್ಟಿಗೆ ಸೇರಿತು. ಫಿಲಿಪಿನೊ ಜನ ಆ ಪಟ್ಟಿಯಲ್ಲಿಲ್ಲ ಎಂದು 1933ರಲ್ಲಿ ನ್ಯಾಯಾಲಯ ಹೇಳಿದ್ದೇ ತಡ, ಕ್ಯಾಲಿಫೋರ್ನಿಯಾ ಶಾಸನಸಭೆ ಅದೇ ವರ್ಷ ಅವರನ್ನೂ ಸೇರಿಸಿಬಿಟ್ಟಿತು. ಹೊಲಗೆಲಸಕ್ಕೆ ಹೋಗಿದ್ದ ಪಂಜಾಬಿ ಗಂಡಸರಿಗೆ ವಲಸೆ ಕಾಯ್ದೆಗಳಿಂದಾಗಿ ಊರಿನಿಂದ ಹೆಂಡತಿಯನ್ನು ಕರೆಸಿಕೊಳ್ಳಲು ದಾರಿಯಿರಲಿಲ್ಲ. ಅವರಲ್ಲಿ ಅನೇಕರು ಇಂಪೀರಿಯಲ್ ಕಣಿವೆಯ ಸುತ್ತಮುತ್ತ ಮೆಕ್ಸಿಕನ್ ಹೆಣ್ಣುಗಳನ್ನು ಮದುವೆಯಾದರು. ಇಬ್ಬರ ಮೈಬಣ್ಣ ಹೆಚ್ಚುಕಡಿಮೆ ಒಂದೇ ಎಂದು ಗುಮಾಸ್ತನಿಗೆ ಕಂಡರೆ ಪರವಾನಗಿ ಸಿಗುತ್ತಿತ್ತು.

ಮೊದಲ ದೊಡ್ಡ ಗೆಲುವೂ ಕ್ಯಾಲಿಫೋರ್ನಿಯಾದ್ದೇ. ಮೆಕ್ಸಿಕನ್ ಮೂಲದ ಆಂಡ್ರಿಯಾ ಪೆರೆಜ್ ಸರಕಾರಿ ಲೆಕ್ಕದಲ್ಲಿ ಬಿಳಿಯಳು. ಸಿಲ್ವೆಸ್ಟರ್ ಡೇವಿಸ್ ಕಪ್ಪು ವರ್ಣೀಯ. ಇಬ್ಬರೂ ಕ್ಯಾಥೊಲಿಕರು. ಚರ್ಚು ಬೇಡವೆನ್ನದ ಮದುವೆಯನ್ನು ಸರಕಾರ ತಡೆದರೆ ಧಾರ್ಮಿಕ ಸ್ವಾತಂತ್ರ್ಯಕ್ಕೆ ಧಕ್ಕೆಯಾಗುತ್ತದೆ ಎಂದು ಅವರ ವಕೀಲ ಡೇನಿಯಲ್ ಮಾರ್ಷಲ್ ವಾದಿಸಿದರು. 1948ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು 4–3ರ ಅಂತರದಿಂದ ಕಾಯ್ದೆಯನ್ನು ರದ್ದುಮಾಡಿತು. ಮುಂದಿನ ಎರಡು ದಶಕಗಳಲ್ಲಿ ಇನ್ನೂ ಹದಿಮೂರು ರಾಜ್ಯಗಳು ತಾವಾಗಿಯೇ ನಿಷೇಧ ತೆಗೆದುಹಾಕಿದವು. ದಕ್ಷಿಣದ ರಾಜ್ಯಗಳು ಮಿಸುಕಲಿಲ್ಲ.

ಆ ಗೋಡೆಯನ್ನು ಕೆಡವಿದ್ದು ವರ್ಜೀನಿಯಾದ ಸೆಂಟ್ರಲ್ ಪಾಯಿಂಟ್ ಎಂಬ ಹಳ್ಳಿಯ ದಂಪತಿ. ರಿಚರ್ಡ್ ಲವಿಂಗ್ ಗಾರೆ ಕೆಲಸ ಮಾಡುತ್ತಿದ್ದ ಬಿಳಿಯ. ಮಿಲ್ಡ್ರೆಡ್ ಕಪ್ಪು ಮತ್ತು ಮೂಲನಿವಾಸಿ ಮೂಲದ ಹೆಣ್ಣುಮಗಳು. ಊರಿನಲ್ಲಿ ಮದುವೆ ಸಾಧ್ಯವಿಲ್ಲವೆಂದು 1958ರ ಜೂನ್‌ನಲ್ಲಿ ವಾಷಿಂಗ್ಟನ್‌ಗೆ ಹೋಗಿ ಮದುವೆಯಾಗಿ ಬಂದರು. ಮುಂದಿನ ತಿಂಗಳು ಒಂದು ನಡುರಾತ್ರಿ ಶೆರಿಫ್ ಮಲಗುವ ಕೋಣೆಗೇ ನುಗ್ಗಿದ. ಗೋಡೆಯ ಮೇಲಿದ್ದ ಮದುವೆ ಪತ್ರ ಇಲ್ಲಿ ನಡೆಯುವುದಿಲ್ಲ ಎಂದು ಹೇಳಿ ಇಬ್ಬರನ್ನೂ ಬಂಧಿಸಿದ. 1959ರ ಜನವರಿಯಲ್ಲಿ ಅವರಿಗೆ ಒಂದು ವರ್ಷದ ಜೈಲು ಶಿಕ್ಷೆಯಾಯಿತು. ರಾಜ್ಯ ಬಿಟ್ಟು ಹೋಗಿ ಇಪ್ಪತ್ತೈದು ವರ್ಷ ಜೊತೆಯಾಗಿ ಮರಳದಿದ್ದರೆ ಶಿಕ್ಷೆಯಿಲ್ಲ ಎಂಬ ಷರತ್ತು ಅದಕ್ಕಿತ್ತು. ದೇವರು ಬೇರೆ ಬೇರೆ ಜನಾಂಗಗಳನ್ನು ಬೇರೆ ಬೇರೆ ಖಂಡಗಳಲ್ಲಿ ಇಟ್ಟಿದ್ದೇ ಅವು ಬೆರೆಯಬಾರದೆಂದು ಎಂಬುದು ಶಿಕ್ಷೆ ವಿಧಿಸಿದ ನ್ಯಾಯಾಧೀಶರು ಮುಂದೆ ಬರೆದ ಸಮರ್ಥನೆ.

ತವರಿನಿಂದ ದೂರವಾಗಿ ವಾಷಿಂಗ್ಟನ್‌ನಲ್ಲಿ ಮೂರು ಮಕ್ಕಳನ್ನು ಸಾಕುತ್ತಿದ್ದ ಮಿಲ್ಡ್ರೆಡ್ 1963ರಲ್ಲಿ ಅಟಾರ್ನಿ ಜನರಲ್ ರಾಬರ್ಟ್ ಕೆನಡಿ ಅವರಿಗೆ ಪತ್ರ ಬರೆದರು. ಅದು ನಾಗರಿಕ ಹಕ್ಕುಗಳ ಸಂಘಟನೆಯೊಂದರ ಮೂಲಕ ಬರ್ನಾರ್ಡ್ ಕೋಹೆನ್ ಮತ್ತು ಫಿಲಿಪ್ ಹಿರ್ಷ್‌ಕಾಪ್ ಎಂಬ ಇಬ್ಬರು ಎಳೆಯ ವಕೀಲರ ಕೈಸೇರಿತು. ಪ್ರಕರಣ ದೇಶದ ಸುಪ್ರೀಂ ಕೋರ್ಟು ಮುಟ್ಟಿತು. 1967ರ ಜೂನ್ 12ರಂದು ಮುಖ್ಯ ನ್ಯಾಯಮೂರ್ತಿ ಅರ್ಲ್ ವಾರೆನ್ ಓದಿದ ತೀರ್ಪು ಒಮ್ಮತದ್ದು. ಬಿಳಿಯರಲ್ಲದವರು ತಮ್ಮತಮ್ಮಲ್ಲಿ ಯಾವ ಜನಾಂಗದವರನ್ನು ಮದುವೆಯಾದರೂ ವರ್ಜೀನಿಯಾಕ್ಕೆ ಚಿಂತೆಯಿರಲಿಲ್ಲ. ಕಟ್ಟುಪಾಡೆಲ್ಲ ಬಿಳಿಯರೊಡನೆ ಆಗುವ ಮದುವೆಗೆ. ಬಿಳಿಯರ ಮೇಲುಗೈ ಕಾಯುವುದೇ ಕಾಯ್ದೆಯ ಗುರಿ ಎನ್ನುವುದಕ್ಕೆ ವಾರೆನ್ ಇದನ್ನೇ ಸಾಕ್ಷಿಯಾಗಿ ಹಿಡಿದರು. ಸಮಾನ ಶಿಕ್ಷೆಯ ಹಳೆಯ ವಾದ ಅಲ್ಲಿಗೆ ಬಿದ್ದುಹೋಯಿತು, ಹದಿನಾರು ರಾಜ್ಯಗಳ ನಿಷೇಧವೂ ಅಸಿಂಧುವಾಯಿತು.

ಆ ಹೊತ್ತಿಗೆ ಜನಾಭಿಪ್ರಾಯ ನ್ಯಾಯಾಲಯದ ಕಡೆಗಿರಲಿಲ್ಲ. ಗ್ಯಾಲಪ್ ಸಮೀಕ್ಷೆಯಲ್ಲಿ ಇಂಥ ಮದುವೆಯನ್ನು ಒಪ್ಪಿದವರು 1958ರಲ್ಲಿ ಶೇ 4, ತೀರ್ಪಿನ ಮರುವರ್ಷ ಶೇ 20. ಬಹುಮತಕ್ಕಾಗಿ ಕಾದಿದ್ದರೆ 1990ರ ದಶಕದವರೆಗೂ ಕಾಯಬೇಕಿತ್ತು. ಹಕ್ಕಿನ ಪ್ರಶ್ನೆಯನ್ನು ತಲೆಯೆಣಿಕೆಗೆ ಬಿಡದಿದ್ದುದೇ ಆ ತೀರ್ಪಿನ ಹಿರಿಮೆ. ವಿದೇಶಾಂಗ ಸಚಿವ ಡೀನ್ ರಸ್ಕ್ ಅವರ ಮಗಳು ತೀರ್ಪು ಬಂದ ವರ್ಷದ ಸೆಪ್ಟೆಂಬರ್‌ನಲ್ಲಿ ಕಪ್ಪು ವರ್ಣೀಯ ಯುವಕನನ್ನು ಮದುವೆಯಾದಾಗ ರಸ್ಕ್ ರಾಜೀನಾಮೆಗೂ ಸಿದ್ಧರಾಗಿದ್ದರು. ಅಧ್ಯಕ್ಷ ಜಾನ್ಸನ್ ಅದನ್ನು ಒಪ್ಪಲಿಲ್ಲ. ಮನಸ್ಸುಗಳನ್ನು ಬದಲಿಸಿದ್ದು ಹೆಚ್ಚಾಗಿ ಒಡನಾಟ: ಒಂದೇ ಶಾಲೆ, ಒಂದೇ ಕಚೇರಿ, 1965ರ ವಲಸೆ ಕಾಯ್ದೆಯ ನಂತರ ಬಂದ ಏಷ್ಯಾ ಮತ್ತು ಲ್ಯಾಟಿನ್ ಅಮೆರಿಕದ ಜನ. 1967ರಲ್ಲಿ ಹೊಸ ಮದುವೆಗಳಲ್ಲಿ ಶೇ 3ರಷ್ಟಿದ್ದ ಇಂಥ ಜೋಡಿಗಳು 2015ಕ್ಕೆ ಶೇ 17 ಆದವು. ಒಪ್ಪುವವರು 2021ರಲ್ಲಿ ಶೇ 94.

ಸತ್ತ ಕಾಯ್ದೆಯನ್ನೂ ಪುಸ್ತಕದಿಂದ ಅಳಿಸುವುದು ಸುಲಭವಾಗಲಿಲ್ಲ. ದಕ್ಷಿಣ ಕೆರೊಲಿನಾ ತನ್ನ ಸಂವಿಧಾನದ ನಿಷೇಧವನ್ನು ತೆಗೆದದ್ದು 1998ರಲ್ಲಿ, ಅಲಬಾಮಾ 2000ದಲ್ಲಿ. ಅಲಬಾಮಾದ ಜನಮತಗಣನೆಯಲ್ಲಿ ಶೇ 40ರಷ್ಟು ಮತದಾರರು ನಿಷೇಧ ಇರಲಿ ಎಂದೇ ಹೇಳಿದ್ದರು. 2022ರ ಡಿಸೆಂಬರ್‌ನಲ್ಲಿ ಅಮೆರಿಕದ ಸಂಸತ್ತು ಕಾಯ್ದೆಯೊಂದನ್ನು ಮಾಡಿ, ಒಂದು ರಾಜ್ಯದಲ್ಲಿ ಸಿಂಧುವಾಗಿ ನಡೆದ ಮದುವೆಯನ್ನು ಜನಾಂಗದ ನೆಪದಲ್ಲಿ ಇನ್ನೊಂದು ರಾಜ್ಯ ತಳ್ಳಿಹಾಕುವಂತಿಲ್ಲ ಎಂದು ಬರೆದಿಟ್ಟಿತು.